ಕೆರೆಯಲ್ಲಿ ಮೀನಿಲ್ಲವೋ, ಬೆಂಡು ದೊಡ್ಡದೋ?



ರಜೆಗೆ ಊರಿಗೆ ಬಂದವರೆಲ್ಲರಿಂದಲೂ ಇತ್ತೀಚೆಗೆ ನಾನು ಕೇಳುತ್ತಿರುವ ಮಾತೊಂದಿದೆ: "ಮೇಷ್ಟ್ರೇ, ನಮ್ಮ ಕೆರೆಗಳಲ್ಲಿ ಈಗ ಗಾಳಕ್ಕೆ ಮೀನು ಬೀಳುವುದೇ ಇಲ್ಲ." ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಬಗೆಗೂ ಇದೇ ಮಾತು, ಚಿಂತಾಮಣಿಯ ನೆಕ್ಕುಂದಿ ಕೆರೆಯ ಬಗೆಗೂ ಇದೇ ಮಾತು. ಇದನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ. 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಗಳ ತರುವಾಯ ಕೋಡಿ ಹರಿದವು. ನೀರು ನಿಂತ ಕೆರೆಯಲ್ಲಿ ಜಿಲೇಬಿ ಮೀನು ಇಲ್ಲವೆಂದರೆ ನಂಬುವವರಾರು? 1952ರಲ್ಲಿ ಆಫ್ರಿಕಾ ಮೂಲದ ಈ ಮೀನನ್ನು ನಮ್ಮ ದೇಶಕ್ಕೆ ತಂದರು. ಅಂದಿನಿಂದ ಅದು ಬೇಡವೆಂದರೂ ಬಿಡದೆ ಬೆಳೆಯುತ್ತಿದೆ. ಮೀನು ಇದೆ. ನೀವು ದಾರಕ್ಕೆ ಕಟ್ಟಿರುವ ಬೆಂಡು ಸರಿಯಾಗಿಲ್ಲ, ಅಷ್ಟೆ.

ಏರಿಯ ಮೇಲೆ ಕುಳಿತಿರುವ ಯುವಕರ ಗಾಳಗಳನ್ನು ಗಮನಿಸಿ. ಒಬ್ಬನದು ಟಿವಿ ಪೆಟ್ಟಿಗೆಯಿಂದ ಮುರಿದ ಥರ್ಮೋಕೋಲ್ ತುಂಡು, ಇನ್ನೊಬ್ಬನದು ಅಂಗಡಿಯಿಂದ ತಂದ ಅರ್ಧ ಕೆಂಪು ಅರ್ಧ ಬಿಳಿಯ ಪ್ಲಾಸ್ಟಿಕ್ ಚೆಂಡು. ನಿಂಬೆಹಣ್ಣಿನಷ್ಟು ದೊಡ್ಡದಾದರೆ ದೂರದಿಂದ ಕಾಣುತ್ತದೆ, ದೂರಕ್ಕೆ ಎಸೆಯಲೂ ಆಗುತ್ತದೆ ಎಂಬುದು ಅವರ ವಾದ.

ಎಂಟನೆಯ ತರಗತಿಯಲ್ಲಿ ನಿಮಗೆ ಹೇಳಿಕೊಟ್ಟ ಆರ್ಕಿಮಿಡೀಸನ ತತ್ವವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ನಾಲ್ಕು ಸೆಂಟಿಮೀಟರ್ ವ್ಯಾಸದ ಚೆಂಡಿನ ಗಾತ್ರ ಸುಮಾರು 33 ಘನ ಸೆಂಟಿಮೀಟರ್. ಅದನ್ನು ಪೂರ್ತಿ ಮುಳುಗಿಸಬೇಕಾದರೆ, ಅದರ ಸ್ವಂತ ತೂಕವನ್ನು ಕಳೆದರೂ, ಹೆಚ್ಚುಕಡಿಮೆ 30 ಗ್ರಾಮ್ ತೂಕದಷ್ಟು ಬಲ ಬೇಕು. ಗಾಳ, ಎರೆಹುಳು, ಒಂದು ಸೀಸದ ಗುಂಡು ಎಲ್ಲ ಸೇರಿ ಎರಡು ಮೂರು ಗ್ರಾಮ್ ಆದೀತು. ಮಿಕ್ಕ ಭಾರವನ್ನು ಯಾರು ಎಳೆಯಬೇಕು? ಅಂಗೈ ಅಗಲದ ಒಂದು ಜಿಲೇಬಿ! ಅದೇನು ಹುಲಿಯಂತೆ ಎರಗುವ ಪ್ರಾಣಿಯೇ? ಹುಳುವನ್ನು ತುಟಿಯ ಅಂಚಿನಲ್ಲಿ ಹಿಡಿದು ರುಚಿ ನೋಡುತ್ತದೆ. ಮೇಲಿನಿಂದ ಏನೋ ಜಗ್ಗುತ್ತಿದೆ ಎನಿಸಿದ ಕ್ಷಣವೇ ಉಗುಳುತ್ತದೆ. ಚೆಂಡು ಕೊಂಚ ನಡುಗಿ ಸುಮ್ಮನಾಗುತ್ತದೆ. ದಡದಲ್ಲಿರುವವನು "ಗಾಳಿ" ಎಂದುಕೊಳ್ಳುತ್ತಾನೆ. ವ್ಯಾಸವನ್ನು ಅರ್ಧ ಮಾಡಿದರೆ ಗಾತ್ರ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆ! ಪರೀಕ್ಷೆಯಲ್ಲಿ ಸರಿಯಾಗಿ ಬರೆದವರೇ ಕೆರೆಯ ಬಳಿ ಅದನ್ನು ಮರೆತಿದ್ದಾರೆ.

ಈಗ ನವಿಲುಗರಿಯ ದಂಟನ್ನು ತೆಗೆದುಕೊಳ್ಳಿ. ನಾಲ್ಕು ಮಿಲಿಮೀಟರ್ ದಪ್ಪ, ಒಂದು ಗೇಣಿಗಿಂತ ಕಡಿಮೆ ಉದ್ದ. ಅದಕ್ಕೆ ತಕ್ಕಷ್ಟು ಭಾರ ಕಟ್ಟಿ, ತುದಿ ಮಾತ್ರ ಒಂದು ಸೆಂಟಿಮೀಟರ್ ನೀರಿನ ಮೇಲೆ ಕಾಣುವಂತೆ ನಿಲ್ಲಿಸಿದರೆ, ಆ ತುದಿಯನ್ನು ಮುಳುಗಿಸಲು ಒಂದು ಗ್ರಾಮಿನ ಎಂಟನೆಯ ಒಂದು ಪಾಲು ಸಾಕು. ಮೀನಿಗೆ ಅರಿವೇ ಆಗುವುದಿಲ್ಲ, ನಿಮಗೆ ಅರಿವಾಗುತ್ತದೆ. ಅಷ್ಟೇ ಅಲ್ಲ. ಗೆಂಡೆ ಮೀನು ತಳದಲ್ಲಿರುವ ಹುಳುವನ್ನು ಬಾಯಿಗೆ ತೆಗೆದುಕೊಂಡು ತಲೆ ಎತ್ತುತ್ತದೆ. ಆಗ ಸೀಸದ ಭಾರ ತಗ್ಗಿ, ದಂಟು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಈ ಸೂಚನೆಯನ್ನು ಯಾವ ಚೆಂಡೂ ಕೊಡಲಾರದು. ಇಂಗ್ಲೆಂಡಿನ ಗಾಳದವರು ನಮ್ಮ ನವಿಲಿನ ದಂಟನ್ನು ಬಹುಕಾಲ ತರಿಸಿಕೊಂಡು ಬಳಸಿದರು. ನಾವು ಅವರ ಪ್ಲಾಸ್ಟಿಕ್ಕಿಗೆ ಕೈಚಾಚಿದ್ದೇವೆ. (ತಾನಾಗಿ ಉದುರಿದ ಗರಿಯನ್ನು ಮಾತ್ರ ಆಯ್ದುಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕಷ್ಟೇ ಅವಕಾಶ ಕೊಟ್ಟಿದೆ.)

ಗರಿ ಸಿಗದವರಿಗೆ ಜೋಳದ ದಂಟು ಇದ್ದೇ ಇದೆ. ಗೌರಿಬಿದನೂರಿನ ಕಡೆ ಮುಸುಕಿನ ಜೋಳಕ್ಕೇನು ಕೊರತೆ? ಒಣಗಿದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಕಿರುಬೆರಳಿನ ಗಾತ್ರಕ್ಕೆ ಕೊಯ್ದು, ಮೇಣದಬತ್ತಿಯ ಮೇಣ ಸವರಿದರಾಯಿತು. ಒಂದು ದಿನಕ್ಕೆ ಧಾರಾಳವಾಗಿ ಬರುತ್ತದೆ. ಇದೇ ದಂಟಿನಿಂದ ನೀವು ಬಂಡಿ, ಕನ್ನಡಕ ಮಾಡಿಕೊಂಡು ತರಗತಿಗೆ ತಂದು ಪೆಟ್ಟು ತಿಂದದ್ದು ನನಗೆ ನೆನಪಿದೆ. ಈ ಪದಾರ್ಥದಿಂದಲೇ ವಸ್ತುವಿಗೆ ಹೆಸರು ಬಂದಿದೆಯಲ್ಲವೇ? ನಮ್ಮ ಗಡಿಸೀಮೆಯ ಏರಿಗಳ ಮೇಲೆ ಕನ್ನಡವೂ ಕೇಳುತ್ತದೆ, ತೆಲುಗೂ ಕೇಳುತ್ತದೆ. ಬೆಂಡಿಗೆ ಎರಡರಲ್ಲೂ ಬೆಂಡೇ.

ಥರ್ಮೋಕೋಲ್ ಕೂಡ ಹಗುರವಲ್ಲವೇ, ಅದೂ ಒಂದು ಬೆಂಡಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ಕಾಳುಕಾಳಾಗಿ ಉದುರುತ್ತದೆ. ಜೋಳದ ಬೆಂಡು ಕೊಳೆತು ಕೆಸರಾಗುತ್ತದೆ, ಆ ಬಿಳಿಯ ಕಾಳು ಕೊಳೆಯುವುದಿಲ್ಲ. ಗಾಳಿಗೆ ತೇಲಿ ತೂಬಿನ ಬಳಿ ಸೇರುತ್ತದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಟ್ಟಾಗ ಅದರ ಗುಣಮಟ್ಟದ ಬಗ್ಗೆ ಸಭೆಗಳಲ್ಲಿ ಗಟ್ಟಿಯಾಗಿ ಮಾತನಾಡುವವರೇ ತಮ್ಮ ಕೈಯಾರೆ ಈ ಕಸವನ್ನು ಎಸೆದು ಬರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೀಸವೂ ಅಂಥದೇ. ಹಂಸಗಳು ನುಂಗಿ ಸಾಯುತ್ತವೆಂದು ಬ್ರಿಟನ್ನಿನಲ್ಲಿ 1987ರಲ್ಲೇ ಸಣ್ಣ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿದರು. ನಮ್ಮಲ್ಲಿ ಬಾತುಗಳೂ ಕೊಕ್ಕರೆಗಳೂ ಇಲ್ಲವೇ? ದಾರಕ್ಕೆ ನಾಲ್ಕು ಸುತ್ತು ತಾಮ್ರದ ತಂತಿ ಸುತ್ತಿ. ಬೇಕೆಂದಾಗ ಒಂದು ಸುತ್ತು ಬಿಚ್ಚಬಹುದು, ತೂಕ ಸರಿಪಡಿಸುವುದೂ ಸುಲಭ.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳು ಕ್ರ್ಯಾಪಿ ಎಂಬ ಮೀನಿನ ಉದಾಹರಣೆ ಕೊಡುತ್ತಾರೆ, ಅಲ್ಲಿ ಈ ಕೆಂಪು ಚೆಂಡು ಮನೆಮನೆಯಲ್ಲಿ ಇದೆಯಂತೆ. ಇರಲಿ. ಆದರೆ ಕ್ರ್ಯಾಪಿಯ ಬಾಯಿ ಕಾಗದದಷ್ಟು ತೆಳು; ತನಗಿಂತ ಮೇಲಿರುವ ಆಹಾರಕ್ಕೆ ಅದು ಏರಿ ಬರುತ್ತದೆ. ಅದನ್ನು ಬಲ್ಲವರು ಅಲ್ಲಿಯೂ ತೆಳ್ಳಗಿನ ಬೆಂಡನ್ನೇ ಆರಿಸಿ, ಆಳವನ್ನು ಗೇಣು ಗೇಣಾಗಿ ಬದಲಿಸಿ ನೋಡುತ್ತಾರೆ. ಚೆಂಡು ಅಲ್ಲಿಯೂ ಮಕ್ಕಳ ಆಟಿಕೆಯೇ.

ದೂರಕ್ಕೆ ಎಸೆಯುವ ವಾದಕ್ಕೂ ಉತ್ತರಿಸಿಬಿಡುತ್ತೇನೆ. ಗಂಡು ಜಿಲೇಬಿ ಮೊಣಕಾಲುದ್ದದ ನೀರಿನಲ್ಲಿ ಬಟ್ಟಲಿನಂತೆ ಗುಳಿ ತೋಡಿ ಕಾವಲಿರುತ್ತದೆ. ಕಾಲಬುಡದಲ್ಲಿರುವ ಮೀನನ್ನು ಬಿಟ್ಟು ಕೆರೆಯ ನಡುವಿಗೇಕೆ ಎಸೆಯಬೇಕು? ಏರಿಯ ಮೇಲೆ ನೆರಳು ಬೀಳದಂತೆ ಕುಳಿತರೆ ಬಿದಿರಿನ ಕೋಲೇ ಸಾಕು. ಜೀವಂತ ಮರಿ ಕಟ್ಟಿ ಕೊರವನನ್ನು ಹಿಡಿಯಹೊರಟವರಿಗೆ, ಜೋರು ಗಾಳಿಯಲ್ಲಿ ಕುಳಿತವರಿಗೆ ಮಾತ್ರ ಕೊಂಚ ದಪ್ಪ ಬೆಂಡು ಬೇಕು, ಅಷ್ಟನ್ನು ಬಿಟ್ಟುಕೊಡುತ್ತೇನೆ. ಕಣ್ಣಿಗೆ ಕಾಣದೆಂಬ ದೂರಿಗೆ ಬಣ್ಣವೇ ಮದ್ದು. ಬಿಸಿಲಿಗೆ ನೀರು ಬೆಳ್ಳಿಯಂತೆ ಹೊಳೆಯುವಾಗ ತುದಿಗೆ ಕಪ್ಪು ಬಳಿಯಿರಿ, ಮರದ ನೆರಳಿದ್ದಾಗ ಕೆಂಪು ಬಳಿಯಿರಿ. ಎಪ್ಪತ್ತು ದಾಟಿದ ನನ್ನ ಕಣ್ಣಿಗೇ ಕಾಣುತ್ತದೆ.

ಇಷ್ಟೊಂದು ಸಣ್ಣ ವಿಷಯಕ್ಕೆ ಮೇಷ್ಟ್ರು ಏಕೆ ಇಷ್ಟು ಜಗಳ ಕಾಯುತ್ತಾರೆ ಎಂದು ನಿಮಗೆ ಅನಿಸಬಹುದು. ಒಂದು ಮಗು ಎರಡು ಗಂಟೆ ಕುಳಿತು ಏನೂ ಸಿಗದೆ ಎದ್ದರೆ ಮತ್ತೆ ಕೆರೆಗೆ ಬರುವುದಿಲ್ಲ. ಮೊಬೈಲು ಅದಕ್ಕಾಗಿಯೇ ಕಾದಿರುತ್ತದೆ. ಕೆರೆಗೆ ಕಾಲಿಡದೆ ಬೆಳೆದ ತಲೆಮಾರು, ನಾಳೆ ಯಾರೋ ಅದರ ಅಂಗಳಕ್ಕೆ ಲಾರಿ ಲಾರಿ ಮಣ್ಣು ಸುರಿದರೆ ಯಾವ ನೆನಪಿನ ಬಲದಿಂದ ಅಡ್ಡ ನಿಲ್ಲುತ್ತದೆ?

ಕೊನೆಗೆ ಕೆಲವು ವ್ಯಾವಹಾರಿಕ ಮಾತು. ಹಲವು ಕೆರೆಗಳ ಮೀನಿನ ಹಕ್ಕು ಗುತ್ತಿಗೆ ಹಿಡಿದವರದು; ಅವರನ್ನು ಕೇಳಿಯೇ ಗಾಳ ಹಾಕಿ. ಶಿಡ್ಲಘಟ್ಟದವರು ಎರೆಹುಳುವಿಗೆ ಅಲೆಯಬೇಕಿಲ್ಲ, ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಯ ಪ್ಯೂಪಾವನ್ನು ಕೊಕ್ಕೆಗೆ ಚುಚ್ಚಿ ನೋಡಿ. ಹಿತ್ತಲಿನಲ್ಲಿ ನಾಲ್ಕು ಸಾಲು ಜೋಳ ಹಾಕಿದ್ದೇನೆ. ದಂಟು ಒಣಗಿದ ಮೇಲೆ ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿಸುತ್ತೇನೆ; ಬೇಕಾದವರು ಬಂದು ಒಯ್ಯಬಹುದು, ಚಾಕು ಮಾತ್ರ ನೀವೇ ತನ್ನಿ.