ಕಿಸೆಯ ಚಾಕುವಿಗೊಬ್ಬ ಶತ್ರು ಬೇಕೆ?

ಅಲಗುಳ್ಳ ವಸ್ತುಗಳಿಗೆ ಹೆಸರಿಡುವುದರಲ್ಲಿ ಕನ್ನಡ ಎಂದೂ ಜಿಪುಣತನ ತೋರಿಲ್ಲ. ತರಕಾರಿಗೆ ಈಳಿಗೆಮಣೆ, ಅಡಕೆಗೆ ಅಡಕತ್ತರಿ, ಪೈರಿಗೆ ಕುಡುಗೋಲು, ತೊಗಲಿಗೆ ರಂಪಿಗೆ, ಮರಕ್ಕೆ ಉಳಿ ಮತ್ತು ಬಾಚಿ. ಮನುಷ್ಯನನ್ನು ಇರಿಯಲೆಂದೇ ಹುಟ್ಟಿದ ಅಲಗುಗಳಿಗೂ ಬಾಕು, ಕಠಾರಿ ಎಂಬ ಮುಚ್ಚುಮರೆಯಿಲ್ಲದ ಹೆಸರುಗಳಿವೆ. ಹೆಸರು ಕೇಳಿದೊಡನೆ ಆ ವಸ್ತು ಅಡುಗೆಮನೆಯದೋ ಗದ್ದೆಯದೋ ರಣರಂಗದ್ದೋ ತಿಳಿಯುತ್ತದೆ. ಈಗ ಆನ್‌ಲೈನ್ ಅಂಗಡಿಗಳಲ್ಲಿ ‘ಟ್ಯಾಕ್ಟಿಕಲ್ ಫೋಲ್ಡಿಂಗ್ ನೈಫ್’ ಎಂಬ ಹೊಸ ಪ್ರಭೇದವೊಂದು ಕಾಣಿಸಿಕೊಂಡಿದೆ. ಯಂತ್ರಾನುವಾದದ ಕೃಪೆಯಿಂದ ಅದು ಕನ್ನಡದಲ್ಲಿ ‘ಯುದ್ಧತಂತ್ರದ ಮಡಚುವ ಚಾಕು’ ಆಗಿದೆ. ಯಾರ ಯುದ್ಧ, ಯಾರ ಮೇಲೆ ತಂತ್ರ ಎಂದು ಕೇಳಿದರೆ ಅಂಗಡಿಯವನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದಿರುವುದರಿಂದಲೇ ಆ ಪದ ಅವನಿಗೆ ಲಾಭದಾಯಕ: ಆಯುಧದ ರೋಮಾಂಚನವನ್ನೂ ಉಪಕರಣದ ಸಭ್ಯತೆಯನ್ನೂ ಒಂದೇ ಬೆಲೆಗೆ ಮಾರಲು ಅದು ಅನುವು ಮಾಡಿಕೊಡುತ್ತದೆ.

ಈ ಮಾತನ್ನು ಎತ್ತಲು ಕಾರಣವಿದೆ. ನಮ್ಮ ಬಳಗದ ಕೆಲವರಲ್ಲಿ ಈಚೆಗೆ ಇಂಥ ಚಾಕುಗಳ ಹವ್ಯಾಸ ಹಬ್ಬಿದೆ. ಹವ್ಯಾಸದ ಬಗ್ಗೆ ನಮ್ಮ ತಕರಾರಿಲ್ಲ. ಲೇಖನಿ ಕೂಡಿಡುವವರಿದ್ದಾರೆ, ಗಡಿಯಾರ ಕೂಡಿಡುವವರಿದ್ದಾರೆ, ಚಾಕುವೂ ಇರಲಿ. ಆದರೆ ಪರವೂರಿನ ಹಾಸ್ಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಒಬ್ಬರೇ ಇರುವ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಆತ್ಮರಕ್ಷಣೆಗೆಂದು ಇಂಥದೊಂದನ್ನು ಕೊಡಿಸಿಬಿಡುವುದು ಜಾಣತನ ಎಂಬ ಸಲಹೆ ನಮ್ಮ ನಡುವೆಯೇ ಕೇಳಿಬರುತ್ತಿದೆ. ಅದನ್ನು ನಾವು ಒಪ್ಪುವುದಿಲ್ಲ. ನಮ್ಮ ಪರವಾಗಿ ನಾವು ಕರೆಯುವ ಸಾಕ್ಷಿಗಳು ಅಹಿಂಸೆಯ ಬೋಧಕರಲ್ಲ. ಈ ಚಾಕುಗಳನ್ನು ವರ್ಷಗಟ್ಟಲೆ ಕಿಸೆಯಲ್ಲಿಟ್ಟುಕೊಂಡು ಓಡಾಡಿದ ಮಾಲೀಕರೇ.

ಕೋಲ್ಡ್ ಸ್ಟೀಲ್ ಎಂಬ ಕಂಪನಿಯನ್ನೇ ತೆಗೆದುಕೊಳ್ಳೋಣ. 1980ರಲ್ಲಿ ಕ್ಯಾಲಿಫೋರ್ನಿಯಾದ ವೆಂಚುರಾದಲ್ಲಿ ಲಿನ್ ಥಾಂಪ್ಸನ್ ಇದನ್ನು ಕಟ್ಟಿದರು. 2020ರ ಕೊನೆಗೆ ಅದು ಜಿಎಸ್‌ಎಂ ಔಟ್‌ಡೋರ್ಸ್ ಎಂಬ ಸಂಸ್ಥೆಯ ಪಾಲಾಯಿತು. ಜಗತ್ತಿನ ಅತ್ಯಂತ ಬಲಿಷ್ಠ, ಅತ್ಯಂತ ಹರಿತ ಚಾಕು ತನ್ನದೇ ಎಂಬುದು ಅದರ ಘೋಷಣೆ. ಅದರ ಪ್ರಚಾರಚಿತ್ರಗಳು ಒಂದು ಬಗೆಯ ಜಾತ್ರೆ. ತೂಗುಹಾಕಿದ ಮಾಂಸದ ತೊಲೆಗಳನ್ನು ಸೀಳುತ್ತಾರೆ, ಕಾರಿನ ತಗಡಿಗೆ ಚಾಕು ಚುಚ್ಚುತ್ತಾರೆ, ತೆರೆದ ಚಾಕುವಿನ ಹಿಡಿಗೆ ಕಬ್ಬಿಣದ ಭಾರಗಳನ್ನು ಒಂದರ ಮೇಲೊಂದು ನೇತುಹಾಕಿ ಬೀಗ ಮುರಿಯಲಿಲ್ಲವೆಂದು ಸಾಬೀತುಪಡಿಸುತ್ತಾರೆ. ಮಡಚುವ ಚಾಕುವಿಗೆ ಏಳೂವರೆ ಅಂಗುಲದ ಅಲಗು ಕೊಟ್ಟ ‘ಎಸ್ಪಾಡಾ’ ಎಂಬ ಮಾದರಿಯೂ ಇದೇ ಮನೆಯದು. ಅದನ್ನು ಇಡಬಲ್ಲ ಕಿಸೆಯನ್ನು ಯಾವ ದರ್ಜಿ ಹೊಲಿಯುತ್ತಾನೆ ಎಂಬುದು ಬೇರೆಯೇ ಪ್ರಶ್ನೆ.

ಇನ್ನು ಕೊಂಡವರ ಅನುಭವ. ಈ ಕಂಪನಿಯ ‘ರೆಕಾನ್ 1’, ‘ವಾಯೇಜರ್’ ಮೊದಲಾದವನ್ನು ದಿನವೂ ಬಳಸುವವರ ಮಾತುಗಳನ್ನು ಓದುತ್ತ ಹೋದರೆ ಎದುರಾಗುವ ಶತ್ರುಗಳು ಯಾರು? ರಟ್ಟಿನ ಪೆಟ್ಟಿಗೆ, ನೈಲಾನ್ ಹಗ್ಗ, ಪ್ಲಾಸ್ಟಿಕ್ ಪಟ್ಟಿ, ಸೇಬು, ಮೀನು. ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಗೆ ಬಾಯಿ ಹರಡಿದ ದೂರು ತಮ್ಮದೇ ಪ್ಯಾಂಟಿನ ಬಗೆಗಿನದು. ಹಿಡಿಗೆ ಬಳಸುವ ಜಿ-10 ಎಂಬುದು ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ಪದರಪದರವಾಗಿ ಒತ್ತಿ ಮಾಡಿದ ಹಲಗೆ. ಒದ್ದೆ ಕೈಯಲ್ಲೂ ಜಾರಬಾರದೆಂದು ಅದನ್ನು ಮರಳುಕಾಗದದಷ್ಟು ತರಿಯಾಗಿ ಬಿಟ್ಟಿರುತ್ತಾರೆ. ಅದರ ಮೇಲೆ ಬಿಗಿಯಾದ ಕ್ಲಿಪ್. ದಿನಕ್ಕೆ ಹತ್ತು ಬಾರಿ ತೆಗೆದಿಟ್ಟರೆ ಕಿಸೆಯ ಅಂಚು ಕೆಲವೇ ತಿಂಗಳುಗಳಲ್ಲಿ ನೂಲುನೂಲಾಗುತ್ತದೆ. ಹಾಗಾಗಿ ಅನುಭವಿ ಮಾಲೀಕರು ಮಾಡುವ ಮೊದಲ ಕೆಲಸ ಕ್ಲಿಪ್ಪನ್ನು ಬಿಚ್ಚಿ, ಅದರ ಅಡಿಯ ಭಾಗವನ್ನು ಮರಳುಕಾಗದದಿಂದಲೇ ಉಜ್ಜಿ ನುಣುಪು ಮಾಡುವುದು. ಯುದ್ಧಭೂಮಿಗೆಂದು ತರಿ ಮಾಡಿದ್ದನ್ನು ಮನೆಯ ಮೇಜಿನ ಮೇಲೆ ಕೂತು ನಯಗೊಳಿಸುವುದು! ಕಾರ್ಖಾನೆಯ ಕಲ್ಪನೆಗೂ ಮಾಲೀಕನ ಬದುಕಿಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕನೂ ಹೇಳಲಾರ.

ಅರ್ನೆಸ್ಟ್ ಎಮರ್ಸನ್ ಎಂಬ ಇನ್ನೊಬ್ಬ ಅಮೆರಿಕನ್ ತಯಾರಕರ ‘ವೇವ್’ ಕೂಡ ಇದೇ ದಾರಿ ಹಿಡಿಯಿತು. ಅಲಗಿನ ಬೆನ್ನ ಮೇಲಿನ ಈ ಕೊಕ್ಕೆ ಮೊದಲು ಮೂಡಿದ್ದು ಎದುರಾಳಿಯ ಅಲಗನ್ನು ತಡೆಹಿಡಿಯಲೆಂದು. ಕಿಸೆಯಿಂದ ಎಳೆಯುವಾಗ ಅದು ಬಟ್ಟೆಗೆ ಸಿಕ್ಕಿ ಚಾಕು ತಾನೇ ತೆರೆದುಕೊಳ್ಳುತ್ತದೆಂಬ ಗುಣವೇ ಕೊನೆಗೆ ಅದರ ಖ್ಯಾತಿಯಾಯಿತು. ಎದುರಾಳಿಯ ಅಲಗನ್ನು ತಡೆದವರನ್ನು ನಾವು ಕಂಡಿಲ್ಲ. ಕಿಸೆ ಹರಿದುಕೊಂಡವರು ಬೇಕಾದಷ್ಟಿದ್ದಾರೆ.

ಒಂದು ವಿಷಯದಲ್ಲಿ ಕೋಲ್ಡ್ ಸ್ಟೀಲಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಸಲ್ಲಿಸಲೇಬೇಕು. ಆಂಡ್ರೂ ಡೆಮ್ಕೊ ರೂಪಿಸಿದ ‘ಟ್ರೈ-ಆಡ್’ ಬೀಗ ನಿಜಕ್ಕೂ ಸೊಗಸಾದ ಯಂತ್ರಬುದ್ಧಿ. ಹಳೆಯ ಬೆನ್ನುಬೀಗದಲ್ಲಿ ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ತಕ್ಕಡಿಯ ದಂಡಿಗೆಯಂತೆ ತೂಗುತ್ತದೆ. ಅದರ ತುದಿಯ ಕೊಕ್ಕೆ ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ. ಬಿದ್ದ ಒತ್ತಡವೆಲ್ಲ ಆ ಪಟ್ಟಿಯ ತಿರುಗಣಿಯ ಮೇಲೆ. ಡೆಮ್ಕೊ ಅಲಗಿನ ಬುಡಕ್ಕೂ ಪಟ್ಟಿಗೂ ನಡುವೆ ಗಟ್ಟಿ ಉಕ್ಕಿನ ಕಡ್ಡಿಯೊಂದನ್ನು ಅಡ್ಡಲಾಗಿ ಕೂರಿಸಿದರು. ಒತ್ತಡ ಈಗ ಆ ಕಡ್ಡಿಯ ಮೂಲಕ ಹಿಡಿಗೆ ಇಳಿಯುತ್ತದೆ. ಪಟ್ಟಿಯ ರಂಧ್ರವನ್ನು ತುಸು ಉದ್ದವಾಗಿಸಿದ್ದರಿಂದ, ಸವೆತ ಬಂದಂತೆಲ್ಲ ಪಟ್ಟಿ ತಾನಾಗಿ ಜಾರಿ ಸರಿಹೊಂದಿಕೊಳ್ಳುತ್ತದೆ. ಹೊಸದರಲ್ಲಿ ಬಲು ಬಿಗಿ. ನೂರಾರು ಬಾರಿ ತೆರೆದು ಮುಚ್ಚಿ ಹೆಬ್ಬೆರಳು ನೋಯಿಸಿಕೊಂಡ ಮೇಲೆಯೇ ಪಳಗುವುದೆಂದು ಮಾಲೀಕರು ಒಕ್ಕೊರಲಿನಿಂದ ಹೇಳುತ್ತಾರೆ. ಆದರೆ ಈ ಬೀಗ ಯಾರನ್ನು ಕಾಪಾಡುತ್ತದೆ? ಗಂಟು ಬಿದ್ದ ಹಗ್ಗವನ್ನು ಕೊಯ್ಯುವಾಗ ಅಲಗು ಹಠಾತ್ತನೆ ಮಡಚಿಕೊಂಡು ತನ್ನದೇ ಬೆರಳನ್ನು ಕತ್ತರಿಸಿಕೊಳ್ಳಬಹುದಾಗಿದ್ದ ಕೆಲಸಗಾರನನ್ನು. ಅದು ಉಪಕರಣದ ಗುಣ, ಅದನ್ನು ಹೇಳಲು ಸೈನಿಕನ ವೇಷ ಬೇಕಿರಲಿಲ್ಲ.

ಈ ಮಾದರಿಯ ವಂಶಾವಳಿಯೂ ಇದನ್ನೇ ಹೇಳುತ್ತದೆ. ಕಿಸೆಯ ಅಂಚಿಗೆ ಸಿಕ್ಕಿಸುವ ಕ್ಲಿಪ್, ಒಂದೇ ಕೈಯಲ್ಲಿ ತೆರೆಯಲು ಅಲಗಿನಲ್ಲೊಂದು ದುಂಡು ರಂಧ್ರ: ಇಂದು ‘ಟ್ಯಾಕ್ಟಿಕಲ್’ ಎನಿಸಿಕೊಳ್ಳುವ ಚಾಕುವಿನ ಈ ಲಕ್ಷಣಗಳನ್ನು ಒಟ್ಟುಗೂಡಿಸಿ ಕೊಲೊರಾಡೋದ ಸ್ಪೈಡರ್ಕೊ ಕಂಪನಿ 1981ರಲ್ಲಿ ತಂದ ಮೊದಲ ಮಡಚುವ ಚಾಕುವಿನ ಹೆಸರು ‘ವರ್ಕರ್’. ಕೆಲಸಗಾರ! ಒಂದು ಕೈ ಏಣಿಯನ್ನೋ ಹಗ್ಗವನ್ನೋ ಹಿಡಿದಿರುವಾಗ ಇನ್ನೊಂದು ಕೈಗೆ ಚಾಕು ಒದಗಬೇಕೆಂಬ ಸರಳ ಅಗತ್ಯಕ್ಕೆ ಒಪ್ಪುವ ಹೆಸರು. ಬಾಬ್ ಟರ್ಜುವೋಲಾ ಈ ಪ್ರಕಾರದ ಹಿರಿಯ ಕುಶಲಕರ್ಮಿಗಳಲ್ಲೊಬ್ಬರು. ‘ದ ಟ್ಯಾಕ್ಟಿಕಲ್ ಫೋಲ್ಡಿಂಗ್ ನೈಫ್’ ಎಂಬ ಅವರ ಪುಸ್ತಕವೂ ಮೂಲತಃ ಲೈನರ್ ಬೀಗವುಳ್ಳ ಚಾಕುವಿನ ಅಂಗರಚನೆ ಮತ್ತು ನಿರ್ಮಾಣದ ಪಾಠ. ಮಾಡುವವರಿಗೆ ಅದು ಕಸುಬು. ‘ಕೆಲಸಗಾರ’ನನ್ನು ‘ಯೋಧ’ನನ್ನಾಗಿ ಮಾಡಿ ಬೆಲೆಪಟ್ಟಿ ತಿದ್ದಿದ್ದು ಮಾರುವವರು.

ಇಲ್ಲಿ ನಮ್ಮ ಗೆಳೆಯರು ಎತ್ತುವ ಆಕ್ಷೇಪವೊಂದಿದೆ: ಹೆಸರು ಏನಾದರೇನು, ಆಪತ್ತಿನಲ್ಲಿ ಬರಿಗೈಗಿಂತ ಚಾಕು ಮೇಲಲ್ಲವೆ? ಆಪತ್ತು ಹೇಗೆ ಬರುತ್ತದೆಂದು ಯೋಚಿಸಿದರೆ ಈ ವಾದ ನಿಲ್ಲುವುದಿಲ್ಲ. ಮಡಚುವ ಚಾಕುವನ್ನು ಚೀಲದಲ್ಲಿ ಹುಡುಕಬೇಕು, ಹೊರತೆಗೆಯಬೇಕು, ತೆರೆಯಬೇಕು, ಬೀಗ ಕೂತಿದೆಯೆಂದು ಖಾತ್ರಿಯಾಗಬೇಕು. ಇಷ್ಟರೊಳಗೆ ಎದುರಿಗಿದ್ದವನು ತೋಳಳತೆಯೊಳಗೆ ಬಂದಾಗಿರುತ್ತದೆ. ಭಯದಲ್ಲಿ ನಡುಗುವ ಬೆರಳುಗಳಿಗೆ ಹೆಬ್ಬೆರಳಿನ ಗುಬಟು ಸಿಗುವುದಿಲ್ಲ. ಕೈ ಅಲಗಿನ ಮೇಲೆ ಜಾರದಂತೆ ತಡೆಯುವ ಪೂರ್ಣಪ್ರಮಾಣದ ಅಡ್ಡಪಟ್ಟಿ ಮಡಚುವ ಚಾಕುಗಳಲ್ಲಿ ಅಪರೂಪ. ಕೈಯಿಂದ ಕಿತ್ತುಕೊಂಡ ಚಾಕು ಯಾರ ಪಕ್ಷದ್ದೂ ಅಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಮಾತು ಬೇರೆ. ಹುಟ್ಟುಹಬ್ಬದ ಉಡುಗೊರೆಯಾಗಿ ಪಡೆದ ಇಪ್ಪತ್ತರ ಹುಡುಗಿಗೆ ಅದರಿಂದ ಸಿಗುವುದು ಹುಸಿ ಧೈರ್ಯ. ಆ ಧೈರ್ಯ ಅವಳನ್ನು ಓಡಿಹೋಗಬೇಕಾದ ಕಡೆ ನಿಲ್ಲುವಂತೆ ಮಾಡೀತು ಎಂಬುದೇ ನಮ್ಮ ಅಂಜಿಕೆ. ಫೋನಿನಲ್ಲಿ 112 ಒತ್ತುವುದನ್ನು, ಕಿರುಚುವುದನ್ನು, ಓಡುವುದನ್ನು ಯಾವ ಕಂಪನಿಯೂ ಮಾರುವುದಿಲ್ಲವಾದ್ದರಿಂದ ಅವುಗಳಿಗೆ ಪ್ರಚಾರಚಿತ್ರಗಳಿಲ್ಲ.

ಇನ್ನು ಕಾನೂನು. ಇಲ್ಲಿ ನಾವು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಗಿದೆ, ಏಕೆಂದರೆ ಪರವೂರಿನಲ್ಲಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತವನಿಗೆ ಭಾಷೆಯೂ ನಂಟರೂ ಇರುವುದಿಲ್ಲ. ನಮ್ಮ ಆಯುಧ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧಗಳೆಂದು ಎಣಿಸುತ್ತವೆ. ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ರೂಪಿಸಿದವನ್ನು ಬಿಟ್ಟುಬಿಡುತ್ತವೆ. ಕಿಸೆಯ ಚಾಕು ಆ ಅಳತೆಗೆ ಬರುವುದಿಲ್ಲವೆಂದು ನೆಮ್ಮದಿಪಡುವವರು ದೆಹಲಿಗೆ ಬರಲಿ. ಅಲ್ಲಿನ ಆಡಳಿತದ 1980ರ ಅಧಿಸೂಚನೆಯೊಂದು ಗುಂಡಿಯಿಂದಲೋ ಬೇರೆ ಯಾಂತ್ರಿಕ ಸಾಧನದಿಂದಲೋ ತೆರೆದು ಮುಚ್ಚುವ, 7.62 ಸೆಂ.ಮೀ. ಅಥವಾ ಅದಕ್ಕೂ ಉದ್ದದ, 1.72 ಸೆಂ.ಮೀ. ಅಥವಾ ಅದಕ್ಕೂ ಅಗಲದ ಅಲಗುಗಳನ್ನು ಹೆಸರಿಸುತ್ತದೆ. ರೆಕಾನ್ 1ರ ಅಲಗು ನಾಲ್ಕು ಅಂಗುಲ, ಅಂದರೆ ಹತ್ತು ಸೆಂ.ಮೀ.ಗೂ ತುಸು ಹೆಚ್ಚು. ಆ ಅಧಿಸೂಚನೆಯ ವ್ಯಾಪ್ತಿ ಎಷ್ಟೆಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ವಾದ ಗೆಲ್ಲಬಹುದು, ಗೆಲ್ಲುವವರೆಗಿನ ವರ್ಷಗಳನ್ನು ಯಾರೂ ಹಿಂದಿರುಗಿಸುವುದಿಲ್ಲ.

ಗಮನಿಸಬೇಕಾದದ್ದು ಇಲ್ಲೇ ಇದೆ. ಉದ್ದೇಶವೇನೆಂದು ಕಾನೂನು ಕೇಳುವಾಗ ‘ಹಣ್ಣು ಹೆಚ್ಚಲು’ ಎನ್ನುವ ಮಾಲೀಕನ ವಿರುದ್ಧ ಮೊದಲ ಸಾಕ್ಷಿ ನುಡಿಯುವುದು ಅವನದೇ ಚಾಕುವಿನ ಡಬ್ಬಿ. ಇಂಗ್ಲೆಂಡಿನವರು ಈ ಗುಟ್ಟನ್ನು ಬೇಗ ಅರಿತರು. ಅಲ್ಲಿ ಮೂರು ಅಂಗುಲದವರೆಗಿನ, ಬೀಗವಿಲ್ಲದ ಮಡಚುವ ಚಾಕುವನ್ನು ಕಾರಣ ಹೇಳದೆಯೇ ಇಟ್ಟುಕೊಳ್ಳಬಹುದು. ಆದರೆ 1997ರ ಚಾಕು ಕಾಯಿದೆಯ ಪ್ರಕಾರ, ಚಾಕುವೊಂದು ಕಾದಾಟಕ್ಕೆ ಯೋಗ್ಯವೆಂದು ಸೂಚಿಸುವಂತೆ ಅದನ್ನು ಮಾರುವುದೇ ಅಪರಾಧ. ವಸ್ತುವಿನ ಜೊತೆಗೆ ವಿಶೇಷಣವನ್ನೂ ಕಟಕಟೆಗೆ ತಂದ ಕಾಯಿದೆ ಅದು. ‘ವರ್ಕರ್’ ಮಾಡಿದ ಸ್ಪೈಡರ್ಕೊ ಕಂಪನಿಯೇ ಮುಂದೆ ಆ ದೇಶದ ಅಳತೆಗೆ ಒಪ್ಪುವಂತೆ, ಬೀಗವಿಲ್ಲದ ‘ಯುಕೆ ಪೆನ್‌ನೈಫ್’ ಎಂಬುದನ್ನು ತಯಾರಿಸಿತು. ಹೆಸರು ಎಷ್ಟು ಸಾಧು ನೋಡಿ: ಪೆನ್‌ನೈಫ್, ಲೇಖನಿ ಚೂಪುಮಾಡುವ ಚಾಕು.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಉತ್ತರ ಪ್ರದೇಶದ ರಾಂಪುರದಲ್ಲಿ ಮಡಚುವ ಚಾಕು ಮಾಡುವ ಕುಶಲಕರ್ಮಿಗಳ ಮನೆತನಗಳಿದ್ದವು. ಹಿಂದಿ ಸಿನಿಮಾ ಅವರ ‘ರಾಂಪುರಿ’ಯನ್ನು ಗೂಂಡಾಗಳ ಕೈಗೆ ಕೊಟ್ಟು ಹೆಸರು ಕೆಡಿಸಿತು, ಅಲಗಿನ ಉದ್ದದ ಮೇಲೆ ನಿರ್ಬಂಧಗಳು ಬಂದವು, ಕಸುಬು ಸೊರಗಿತು. 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ದೈತ್ಯಾಕಾರದ ರಾಂಪುರಿಯ ಪ್ರತಿಮೆಯನ್ನು ನಿಲ್ಲಿಸಿದರು. ಕಸುಬು ಸೊರಗಿದ ಮೇಲೆ ಪ್ರತಿಮೆ, ನಮ್ಮ ಎಂದಿನ ಪದ್ಧತಿ. ಅದೇ ಬಗೆಯ ವಸ್ತು ಅಮೆರಿಕದ ಹೆಸರು ಹೊತ್ತು, ತೈವಾನಿನಲ್ಲಿ ತಯಾರಾಗಿ, ಕಪ್ಪು ಲೇಪ ಬಳಿದುಕೊಂಡು ಬಂದರೆ ಸಂಬಳದಾರರ ಸಂಗ್ರಹಯೋಗ್ಯ ವಸ್ತುವಾಗುತ್ತದೆ. ರಾಂಪುರಿ ಇಟ್ಟುಕೊಂಡ ಆಟೋ ಚಾಲಕನನ್ನು ಕಂಡು ಹುಬ್ಬೇರಿಸುವ ನಾವು, ರೆಕಾನ್ ಇಟ್ಟುಕೊಂಡ ಸಾಫ್ಟ್‌ವೇರ್ ಗೆಳೆಯನನ್ನು ಉಕ್ಕಿನ ಬಗ್ಗೆ ಕುತೂಹಲದಿಂದ ವಿಚಾರಿಸುತ್ತೇವೆ. ‘ಟ್ಯಾಕ್ಟಿಕಲ್’ ಎಂಬ ಪದದ ನಿಜವಾದ ತಂತ್ರ ಬಹುಶಃ ಇದೇ.

ಈಗಾಗಲೇ ಕೊಂಡವರು ಏನು ಮಾಡಬೇಕು? ಎಸೆಯಬೇಕಾಗಿಲ್ಲ. ಅಲಗಿನ ಉದ್ದವನ್ನು ಅಡಿಪಟ್ಟಿಯಿಂದ ಅಳೆಯಿರಿ, ದೆಹಲಿಯಲ್ಲಿದ್ದರೆ ಅಗಲವನ್ನೂ ಅಳೆಯಿರಿ. ಮಿತಿ ಮೀರಿದ್ದು ಅಡುಗೆಮನೆಯ ಡ್ರಾಯರಿನಲ್ಲಿರಲಿ. ವಿಮಾನಕ್ಕೆ ಹೊರಡುವ ಮುನ್ನ ಕೈಚೀಲದ ಎಲ್ಲ ಕಿಸೆಗಳನ್ನೂ ತಡವಿ ನೋಡಿ. ಜಿ-10 ಹಿಡಿಯನ್ನು ಉಜ್ಜುವುದಾದರೆ ನೀರು ಹಾಕಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು ಉಜ್ಜಿ. ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಳೆಯ ರೆಕಾನ್‌ಗಳ ಎಯುಎಸ್-8 ಉಕ್ಕು ಬೇಗ ಮೊಂಡಾಗುತ್ತದೆ, ಮನೆಯ ಸಾಣೆಕಲ್ಲಿಗೆ ಬೇಗ ಬಗ್ಗುತ್ತದೆ ಕೂಡ. ಈಚಿನ ಎಸ್35ವಿಎನ್ ಹೆಚ್ಚು ಕಾಲ ಹರಿತವಾಗಿರುತ್ತದೆ, ಆದರೆ ವಜ್ರದ ಸಾಣೆ ಕೇಳುತ್ತದೆ. ಮುಂಬಯಿ, ಚೆನ್ನೈಗಳ ಉಪ್ಪುಗಾಳಿಯಲ್ಲಿ ಅಲಗಿಗಿಂತ ಮೊದಲು ತುಕ್ಕು ಹಿಡಿಯುವುದು ತಿರುಪುಗಳಿಗೆ ಮತ್ತು ಕ್ಲಿಪ್ಪಿಗೆ. ಮಾವಿನ ರಸ ತಾಗಿದ ಚಾಕುವನ್ನು ಹಾಗೆಯೇ ಮಡಚಿಡಬೇಡಿ. ತೊಳೆದು, ಒರೆಸಿ, ಮಳೆಗಾಲಕ್ಕೆ ಮುನ್ನ ತಿರುಗಣಿಗೆ ಎರಡು ಹನಿ ಎಣ್ಣೆ ಬಿಡಿ.