ಕಾಲುಡುಗೆಯ ಋತುಧರ್ಮ

“ಹವಾ ನೋಡಿ ಪ್ಯಾಂಟ ತಗೊಳ್ಳೂದು ಹಿರಿಯರ ಕಾಲಕ್ಕಾತು ಬಿಡ್ರಿ; ಈಗ ಒಂದ ಜೀನ್ಸ ಇದ್ದರ ಹನ್ನೆರಡೂ ತಿಂಗಳಾ ನಡೀತೈತಿ” ಎಂದು ಇಚಲಕರಂಜಿಗೆ ಹತ್ತಿಕೊಂಡಿರುವ ಶಹಾಪುರದ ಬಟ್ಟೆಯಂಗಡಿಯವರೊಬ್ಬರು ಗಿರಾಕಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತು. ಮಾತು ಅವರದಾದರೂ ಮತವು ಇಡಿಯ ಕಾಲದ್ದು. ಮನುಷ್ಯನು ಹವಾಮಾನವನ್ನು ಗೆದ್ದುಬಿಟ್ಟನೆಂಬ, ಆದುದರಿಂದ ಉಡುಪು ಇನ್ನು ಕೇವಲ ಅಭಿರುಚಿಯ ವಿಷಯವೆಂಬ ಭ್ರಾಂತಿಯ ಒಂದು ಚಿಕ್ಕ ರೂಪವಿದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಣ್ಣ, ಬೆಲೆ, ಕತ್ತರಿಕೆಗಳೆಲ್ಲ ಆಮೇಲಿನ ಮಾತು, ಬಟ್ಟೆಯ ತೂಕವೆಷ್ಟು, ನೇಯ್ಗೆ ಎಂಥದು, ಬೆವರನ್ನೂ ಮಳೆನೀರನ್ನೂ ಅದು ಏನು ಮಾಡುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಪ್ಯಾಂಟನ್ನು ಕೊಳ್ಳುವುದು ಅವಿವೇಕ.

ಹವೆಯೆಂಬುದು ಕಾಲಕ್ಕೆ ಮಾತ್ರವಲ್ಲ, ದಾರಿಗೂ ತಕ್ಕಂತೆ ಬದಲಾಗುತ್ತದೆ ಎಂಬುದಕ್ಕೆ ಈ ಕೊಲ್ಹಾಪುರ ಜಿಲ್ಲೆಗಿಂತ ಉತ್ತಮ ನಿದರ್ಶನ ಸಿಗಲಾರದು. ಸಹ್ಯಾದ್ರಿಯ ನೆತ್ತಿಯಲ್ಲಿರುವ ಗಗನಬಾವಡಾದಲ್ಲಿ ವರ್ಷಕ್ಕೆ ಸುಮಾರು 5,000 ಮಿಲಿಮೀಟರ್ ಮಳೆ ಸುರಿದರೆ, ಅಲ್ಲಿಂದ ಒಂದು ಹೊತ್ತಿನ ಬಸ್ ಪ್ರಯಾಣದ ಅಂತರದಲ್ಲಿರುವ ಹಾತಕಣಂಗಲೆ, ಶಿರೋಳ ತಾಲೂಕುಗಳಲ್ಲಿ ಅದರ ಐದನೆಯ ಒಂದು ಪಾಲೂ ಬೀಳದು. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜವು ಇವೆರಡರ ನಡುವಿನದು. ಗಗನಬಾವಡಾದಲ್ಲಿ ತಿಂಗಳುಗಟ್ಟಲೆ ಬಟ್ಟೆ ಒಣಗದು, ಇಲ್ಲಿ ಶಹಾಪುರದಲ್ಲಿ ಏಪ್ರಿಲ್ ಮಧ್ಯಾಹ್ನ ಹಗ್ಗಕ್ಕೆ ಹಾಕಿದ ಪಂಚೆ ಊಟ ಮುಗಿಯುವಷ್ಟರಲ್ಲಿ ಗರಿಗರಿಯಾಗುತ್ತದೆ. ಒಂದೇ ಜಿಲ್ಲೆಗೆ ಒಂದೇ ಪ್ಯಾಂಟು ಸಾಲದಿರುವಾಗ ಒಂದಿಡೀ ವರ್ಷಕ್ಕೆ ಸಾಕೆನ್ನುವುದು ಹೇಗೆ?

ಆ ಜೀನ್ಸಿನ ವಿಷಯವನ್ನೇ ವಿಚಾರಿಸೋಣ. ನೆವಾಡಾದ ದರ್ಜಿ ಜೇಕಬ್ ಡೇವಿಸ್ ಮತ್ತು ವ್ಯಾಪಾರಿ ಲಿವೈ ಸ್ಟ್ರೌಸ್ ಎಂಬಿಬ್ಬರು ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದು 1873ರಲ್ಲಿ ಹಕ್ಕುಪತ್ರ ಪಡೆದ ಈ ಉಡುಪು, ಕಲ್ಲುಮಣ್ಣಿನೊಡನೆ ಗುದ್ದಾಡುವ ಶ್ರಮಿಕನ ಪ್ಯಾಂಟು ಹರಿಯಬಾರದೆಂಬ ಏಕೈಕ ಉದ್ದೇಶದಿಂದ ಹುಟ್ಟಿದುದು. ಹಾಸಿನೆಳೆಯು ಹೊಕ್ಕಿನ ಮೂರೆಳೆಗಳ ಮೇಲೆ ಹಾದು ಒಂದರ ಕೆಳಗಿಳಿಯುವ ಒತ್ತು ನೇಯ್ಗೆ ಅದರದು. ದಪ್ಪ ಡೆನಿಮ್ಮಿನ ಒಂದು ಚದರ ಮೀಟರು 400 ಗ್ರಾಮಿಗೂ ಮಿಕ್ಕಿ ತೂಗುತ್ತದೆ, ತೆಳು ಪಾಪ್ಲಿನ್ ಅದರ ಮೂರನೆಯ ಒಂದು ಪಾಲಷ್ಟೂ ತೂಗದು. ಗಾಳಿಯನ್ನು ತಡೆಯುವ, ನೀರನ್ನು ಹೀರಿ ಬಿಡಲೊಲ್ಲದ ಈ ಬಟ್ಟೆಯನ್ನು, ಅದೂ ಪಿಂಡರಿಗೆ ಬಿಗಿದು ಹಿಡಿಯುವಂತೆ ಹೊಲಿಸಿ, ಮೇ ತಿಂಗಳ ಬಿಸಿಲಿನಲ್ಲಿಯೂ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿಯೂ ತೊಡುವವರ ತೊಡೆಸಂದಿಗಳಲ್ಲಿ ಗಜಕರ್ಣವು ಮನೆಮಾಡಿದರೆ ಅದು ದೈವದ ದೋಷವಲ್ಲ.

ವಿಪರ್ಯಾಸವೆಂದರೆ ಈ ಪಾಠವನ್ನು ಕಲಿಯಲು ಶಹಾಪುರದವರು ಊರು ಬಿಟ್ಟು ಹೋಗಬೇಕಾಗಿಲ್ಲ. ವಿಠ್ಠಲರಾವ ದಾತಾರರು ಜಹಗೀರುದಾರರಾದ ಘೋರ್ಪಡೆಯವರ ಪ್ರೋತ್ಸಾಹದಿಂದ 1904ರಲ್ಲಿ ಇಚಲಕರಂಜಿಯಲ್ಲಿ ಮೊದಲ ಪಾವರಲೂಮ್ ಹೂಡಿದಂದಿನಿಂದ ಇಲ್ಲಿನ ಗೋಡೆಗೋಡೆಗಳ ಹಿಂದೆ ಖಟಖಟ ನಿಂತಿಲ್ಲ. ಮಗ್ಗದ ಶೆಡ್ಡಿನೊಳಗೆ ಇಣುಕಿ ನೋಡಿರಿ: ಗಾಳಿ ಒಣಗಿದರೆ ಹತ್ತಿಯೆಳೆ ಪಟಪಟನೆ ಕಡಿಯುವುದರಿಂದ ಅಲ್ಲಿ ತೇವ ಬೇಕು, ಆ ತೇವದ ಸೆಕೆಯಲ್ಲಿ ನಾಲ್ಕಾರು ಮಗ್ಗಗಳ ನಡುವೆ ಓಡಾಡುವ ಕಾರ್ಮಿಕನು ಬನಿಯನ್ನು ಮತ್ತು ಸಡಿಲವಾದ ತೆಳು ಚಣ್ಣವನ್ನು ತೊಟ್ಟಿರುತ್ತಾನೆ, ಮೊಣಕಾಲಿನ ಕೆಳಗೆ ಕೂದಲಿಗೆಲ್ಲ ಹತ್ತಿಯ ಬಿಳಿ ಧೂಳು ಅಂಟಿರುತ್ತದೆ. ಪಾಳಿ ಮುಗಿದೊಡನೆ ಅವನು ಮೂಲೆಯ ಮೊಳೆಗೆ ತೂಗಹಾಕಿದ ಜೀನ್ಸಿನೊಳಗೆ ಕಾಲು ತೂರಿಸುತ್ತಾನೆ. ಪರರಿಗಾಗಿ ಹಗುರ ವಸ್ತ್ರವನ್ನು ನೇಯುವ ಕೈಗಳು ತಮ್ಮ ಕಾಲುಗಳಿಗೆ ಈ ಭಾರವನ್ನು ಹೇರಿಕೊಳ್ಳುವುದು ಅಜ್ಞಾನದಿಂದಲ್ಲ. ಬೀದಿಯ ಕಣ್ಣು ಅದನ್ನು ಬೇಡುತ್ತದೆ.

ಕಚೇರಿಗಳಲ್ಲಿ ಏ.ಸಿ. ಇರುವಾಗ ಋತುವಿನ ಗೊಡವೆ ಏಕೆಂದು ಕೇಳುವವರಿಗೆ, ಬಸ್ ನಿಲ್ದಾಣಕ್ಕೂ ಏ.ಸಿ. ಬಂದ ಮೇಲೆ ಉತ್ತರ ಕೊಟ್ಟರಾಯಿತು. ಆದರೆ ‘ಸರ್ವ ಋತುಗಳಿಗೂ ಹತ್ತಿಯೇ ಶ್ರೇಷ್ಠ’ ಎನ್ನುವ ಸಜ್ಜನರ ಮಾತನ್ನು ಹಾಗೆ ತಳ್ಳಲಾಗದು. ಬೇಸಗೆಯ ಮಟ್ಟಿಗೆ ಅದು ನಿರ್ವಿವಾದ: ಸಾಧಾರಣ ಹವೆಯಲ್ಲಿ ಹತ್ತಿಯು ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಒಳಗಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರಿಗೆ ಶೇಕಡಾ ಅರ್ಧವೂ ಆಗದು; ಬೆವರನ್ನು ಹೀರಿ ಗಾಳಿಗೆ ಬಿಟ್ಟುಕೊಡುವ ಹತ್ತಿಯು ಚರ್ಮವನ್ನು ತಣಿಸುತ್ತದೆ. ಆದರೆ ಮಳೆಗಾಲದಲ್ಲಿ ಇದೇ ಗುಣವು ಅವಗುಣವಾಗುತ್ತದೆ. ಗಗನಬಾವಡಾದ ಮಳೆಯಲ್ಲಿ ನೆನೆದ ದಪ್ಪ ಹತ್ತಿಯ ಪ್ಯಾಂಟು ಮೈಯ ಬಿಸಿಯನ್ನೂ ಹೀರುತ್ತದೆ, ಮೂರು ದಿನವಾದರೂ ಒಣಗದೆ ಮುಗ್ಗುತ್ತದೆ. ಅಲ್ಲಿ ನಾವು ಹೀಗಳೆಯುವ ಟೆರಿಕಾಟನ್ನೇ, ತೆಳುವಾಗಿದ್ದು ಪಾದದ ಮೇಲೆಯೇ ನಿಲ್ಲುವಂತಿದ್ದರೆ, ಬುದ್ಧಿವಂತಿಕೆಯ ಆಯ್ಕೆ. ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು, ಧೋತರವನ್ನು ಮೊಣಕಾಲಿಗೇರಿಸಿ ಕಟ್ಟುತ್ತಿದ್ದ ರೈತನು ಹತ್ತಿಯ ಭಕ್ತನೂ ಆಗಿರಲಿಲ್ಲ, ಉಣ್ಣೆಯ ದಾಸನೂ ಆಗಿರಲಿಲ್ಲ. ಮೈಯ ಯಾವ ಭಾಗ ಬೆಚ್ಚಗಿರಬೇಕು, ಯಾವುದು ಬೇಗ ಒಣಗಬೇಕು ಎಂಬುದನ್ನು ಬಲ್ಲವನಾಗಿದ್ದನು.

ಎಲ್ಲಕ್ಕಿಂತ ಗೌರವಾರ್ಹವಾದ ಆಕ್ಷೇಪವು ಬೇರೆಯದು. ಹಾಗಾದರೆ ಧೋತರ, ಚಣ್ಣಗಳಿಗೇ ಮರಳೋಣವೇ ಎಂದರೆ, ಆ ಉಡುಪುಗಳ ಉದ್ದಗಿಡ್ಡಗಳಲ್ಲಿ ಜಾತಿಯ ಲೆಕ್ಕವಿತ್ತೆಂಬುದನ್ನು ಮರೆಯಬೇಕಾಗುತ್ತದೆ. ಇಲ್ಲಿಗೆ ಸಮೀಪದ ಮಾಣಗಾವದಲ್ಲಿ 1920ರ ಮಾರ್ಚ್ ತಿಂಗಳಲ್ಲಿ ಶಾಹೂ ಮಹಾರಾಜರು ಉಪಸ್ಥಿತರಿದ್ದ ಪರಿಷತ್ತಿಗೆ ಅಧ್ಯಕ್ಷರಾಗಿದ್ದ ಡಾ. ಅಂಬೇಡ್ಕರರು, 1927ರಲ್ಲಿ ಮಹಾಡದಲ್ಲಿ ಸ್ತ್ರೀಯರನ್ನುದ್ದೇಶಿಸಿ ಮಾತನಾಡುತ್ತ, ಅಸ್ಪೃಶ್ಯತೆಯ ಗುರುತನ್ನು ಸಾರುವ ಸೀರೆಯ ಉಡಿಗೆಯನ್ನು ಬಿಡಬೇಕೆಂದು ಕರೆಯಿತ್ತರು. ಉಟ್ಟುದನ್ನು ನೋಡಿ ಕುಲವನ್ನು ಅಳೆಯುವ ಸಮಾಜದಲ್ಲಿ ಹಿಮ್ಮಡಿಯವರೆಗೆ ಇಳಿಯುವ ಪ್ಯಾಂಟು ಎಷ್ಟೋ ಜನರಿಗೆ ಸ್ವಾಭಿಮಾನದ ಕವಚವಾಯಿತು. ಸೆಕೆಯ ಹೆಸರಿನಲ್ಲಿ ಆ ಕವಚವನ್ನು ಕಳಚಿರೆಂದು ಹೇಳುವ ಅಧಿಕಾರ ನನಗಿಲ್ಲ, ಯಾರಿಗೂ ಇಲ್ಲ.

ಆದರೆ ಆ ಸಮತೆಯು ನೆಲೆಸಿರುವುದು ಪ್ಯಾಂಟಿನ ಆಕಾರದಲ್ಲಿ. ಋತುವು ನೆಲೆಸಿರುವುದು ಅದರ ಬಟ್ಟೆಯಲ್ಲಿ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಲಿಕೊಡಬೇಕಾದ ಕಾರಣವಿಲ್ಲ. ಚೀನದ ತುರ್ಫಾನದ ಗೋರಿಗಳಲ್ಲಿ ದೊರೆತ ಸುಮಾರು 3,000 ವರ್ಷ ಹಳೆಯ ಉಣ್ಣೆಯ ಷರಾಯಿಗಳು ಸಾರುವಂತೆ, ಪ್ಯಾಂಟು ಚಳಿಸೀಮೆಯ ಕುದುರೆಸವಾರರ ಕೂಸು. ಪರದೇಶಕ್ಕೆ ಬಂದಾಗ ಅದು ರೂಪ ಬದಲಿಸದೆ ಗತಿಯಿರಲಿಲ್ಲ. ಯಾರಿಗೂ ಬಾಗದೆಂದು ಬೀಗುತ್ತಿದ್ದ ಬ್ರಿಟಿಷ್ ಸಾಮ್ರಾಜ್ಯವೇ ತನ್ನ ಸಿಪಾಯಿಗಳ ಉಣ್ಣೆಯನ್ನು ಬಿಟ್ಟು ಹತ್ತಿಯ ಖಾಕಿಗೆ ಇಳಿಯಿತು. ಆ ಬಣ್ಣವನ್ನು ಪಳಗಿಸಿದವರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆಯ ಹಾಲರ್ ಸಾಹೇಬರೂ ಒಬ್ಬರು. ಸೇನೆಯೇ ಸೂರ್ಯನಿಗೆ ಮಣಿದ ಮೇಲೆ ನಮ್ಮ ಶಾಲೆ, ಕಾರ್ಖಾನೆ, ಕಚೇರಿಗಳಿಗೆ ಏನು ಬಿಂಕ?

ಆದುದರಿಂದ ಸಮವಸ್ತ್ರವನ್ನು ವಿಧಿಸುವವರು ಬಣ್ಣವನ್ನು ಗೊತ್ತುಪಡಿಸಲಿ, ಉದ್ದವನ್ನು ಗೊತ್ತುಪಡಿಸಲಿ. ಬಟ್ಟೆಯನ್ನು ಮಾತ್ರ ಊರಿಗೆ ಮತ್ತು ಋತುವಿಗೆ ಬಿಡಲಿ. ಶಹಾಪುರದ ಬೇಸಗೆಗೆ ಒಂದೆಳೆ ಬಿಟ್ಟೊಂದೆಳೆ ನೇಯ್ದ ಹಗುರ ಹತ್ತಿ, ಕೆಳಗೆ ಎರಡಿಂಚು ಹೆಚ್ಚು ಸಡಿಲ. ಘಟ್ಟದ ಮಳೆಗೆ ತೆಳು ಮಿಶ್ರನೂಲು. ಮಾಘದ ಬೆಳಗಿಗೆ ದಪ್ಪ ಡ್ರಿಲ್ ಅಥವಾ, ಆಸೆಯಿದ್ದವರಿಗೆ, ಅದೇ ಜೀನ್ಸು. ಮೂರು ಪ್ಯಾಂಟು ಕೊಳ್ಳಲು ಬಡವನಿಗೆ ದುಡ್ಡೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. ಒಂದೇ ಕೊಳ್ಳುವುದಾದರೆ ಅವನು ವರ್ಷದ ಹೆಚ್ಚು ದಿನ ದುಡಿಯುವ ಹವೆಗೆ ಒಪ್ಪುವುದನ್ನು ಕೊಳ್ಳಲಿ, ಈ ಸೀಮೆಯಲ್ಲಿ ಆ ಹವೆ ಚಳಿಯದಂತೂ ಅಲ್ಲ. ಒಂದು ಪ್ಯಾಂಟು ಮಾತ್ರ ಕೊಳ್ಳಬಲ್ಲವನಿಗೇ ಅದನ್ನು ಹವೆ ನೋಡಿ ಆರಿಸುವ ಅಗತ್ಯ ಎಲ್ಲರಿಗಿಂತ ಹೆಚ್ಚು; ತಪ್ಪಿದರೆ ಬದಲಿಸಿ ತೊಡಲು ಅವನಲ್ಲಿ ಇನ್ನೊಂದಿಲ್ಲ.