ಗ್ಯಾಸ್ ಕಾರಿನ ಪ್ಲಗ್ಗು ಮತ್ತು ಬಿಡಿಭಾಗ ವರ್ತಕರ ಹೊಣೆ

ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಪಟ್ಟಣಗಳು 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಒಂದರ ನಂತರ ಒಂದರಂತೆ ಬರುವ ವ್ಯಾಪಾರ ಕೇಂದ್ರಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ಊರಾದಂತೆಯೇ ಟ್ರ್ಯಾಕ್ಟರಿನ ಊರೂ ಆಯಿತು. ಆದ್ದರಿಂದ ಈ ಭಾಗದ ಬಿಡಿಭಾಗಗಳ ವ್ಯಾಪಾರವು ಬೆಳೆದದ್ದು ಡೀಸೆಲ್ ಎಂಜಿನ್ನಿನ ಸುತ್ತ. ಫಿಲ್ಟರ್, ನಾಜಲ್, ಇಂಜೆಕ್ಟರ್ ಪಂಪುಗಳ ವಿಷಯದಲ್ಲಿ ಇಲ್ಲಿನ ವರ್ತಕರಿಗೆ ಬೇರೆಯವರು ಪಾಠ ಹೇಳಬೇಕಾದುದಿಲ್ಲ. ಆದರೆ ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ದ್ವಿಚಕ್ರ ವಾಹನಗಳ ದೆಸೆಯಿಂದ ಕೌಂಟರಿನ ಮೂಲೆಯಲ್ಲಿ ಸ್ಥಾನ ಪಡೆದ ಈ ಚಿಕ್ಕ ವಸ್ತುವನ್ನು ಗಾಡಿಯ ಹೆಸರು ಕೇಳಿ ಕೊಟ್ಟುಬಿಡುವುದೇ ವಾಡಿಕೆ. ಪೆಟ್ರೋಲ್ ಕಾರಿಗೆ ಈ ವಾಡಿಕೆ ಬಹುಮಟ್ಟಿಗೆ ನಡೆದೀತು. ಎಲ್‌ಪಿಜಿ ಕಾರಿಗೆ ನಡೆಯದು.

ವಾಹನಗಳಲ್ಲಿ ಎಲ್‌ಪಿಜಿ ಬಳಕೆಗೆ ನಮ್ಮ ದೇಶದಲ್ಲಿ ಕಾನೂನಿನ ಮನ್ನಣೆ ದೊರೆತದ್ದು 2000ನೇ ಇಸವಿಯಲ್ಲಿ. 2006ರಲ್ಲಿ ಮಾರುತಿಯ ವ್ಯಾಗನ್-ಆರ್ ಡ್ಯುಯೋ ಕಾರ್ಖಾನೆಯಿಂದಲೇ ಎರಡೂ ಇಂಧನದ ವ್ಯವಸ್ಥೆಯೊಡನೆ ಬಂದಿತು. ಇಂಥ ಗಾಡಿಗೆ ಕಂಪನಿಯ ಕೈಪಿಡಿಯಲ್ಲಿ ನಮೂದಾದ ಪ್ಲಗ್ಗೇ ಪ್ರಮಾಣ. ಗೊಂದಲವಿರುವುದು ಪೆಟ್ರೋಲಿಗಾಗಿ ನಿರ್ಮಾಣವಾಗಿ, ನಂತರ ಕಿಟ್ ಅಳವಡಿಸಿಕೊಂಡ ಕಾರುಗಳಲ್ಲಿ. ಮಾಲೀಕರು ಕಿಟ್ಟಿಗೆ ಸಾವಿರಾರು ರೂಪಾಯಿ ವೆಚ್ಚ ಮಾಡುತ್ತಾರೆ, ಆರ್.ಸಿ.ಯಲ್ಲಿ ನಮೂದು ಮಾಡಿಸುತ್ತಾರೆ, ಪ್ಲಗ್ಗು ಮಾತ್ರ ಹಳೆಯದೇ ಉಳಿಯುತ್ತದೆ.

ಪೆಟ್ರೋಲು ಆವಿಯಾಗುವಾಗ ಒಳಬರುವ ಗಾಳಿಯನ್ನು ಸ್ವಲ್ಪ ತಂಪು ಮಾಡುತ್ತದೆ. ಸಾಮಾನ್ಯ ಕಿಟ್ಟಿನಲ್ಲಿ ಎಲ್‌ಪಿಜಿಯು ರೆಡ್ಯೂಸರಿನಲ್ಲೇ ಆವಿಯಾಗಿ ಒಣ ಅನಿಲವಾಗಿ ಎಂಜಿನ್ನಿಗೆ ಬರುವುದರಿಂದ ಈ ತಂಪು ದೊರೆಯುವುದಿಲ್ಲ. ಸಿಲಿಂಡರಿನೊಳಗಿನ ಶಾಖ ಹೆಚ್ಚುತ್ತದೆ. ಜೊತೆಗೆ, ಅನಿಲದ ಮಿಶ್ರಣದಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕು. ಪ್ಲಗ್ಗಿನ ಎರಡು ತುದಿಗಳ ಅಂತರ ಹಿಗ್ಗಿದಷ್ಟೂ ಈ ಅಗತ್ಯ ಏರುತ್ತದೆ. ಪೆಟ್ರೋಲಿನಲ್ಲಿ ಸುಮ್ಮನೆ ಓಡುತ್ತಿದ್ದ ಗಾಡಿ ಗ್ಯಾಸಿಗೆ ಬದಲಿಸಿದೊಡನೆ, ಅದರಲ್ಲೂ ಭಾರ ಎಳೆಯುವಾಗ, ಮಿಸ್ಸಿಂಗ್ ಆಗುವುದಕ್ಕೆ ಬಹಳ ಸಲ ಇದೇ ಕಾರಣ. ದೋಷ ಗ್ಯಾಸಿನದೆಂದು ಮಾಲೀಕರು ನಂಬುತ್ತಾರೆ. ಸುಡದೆ ಉಳಿದ ಅನಿಲವು ಸೈಲೆನ್ಸರ್ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ. ಹಳೆಯ ಮಿಕ್ಸರ್ ಮಾದರಿಯ ಕಿಟ್ಟಾದರೆ ಬ್ಯಾಕ್‌ಫೈರ್ ಆಗಿ ಏರ್‌ಫಿಲ್ಟರಿನ ಡಬ್ಬಿಯೇ ಒಡೆಯುವುದೂ ಉಂಟು.

ಪರಿಹಾರ ದುಬಾರಿಯದಲ್ಲ. ಪೆಟ್ರೋಲಿಗೆ 1.0ರಿಂದ 1.1 ಮಿಲಿಮೀಟರ್ ಗ್ಯಾಪ್ ಇದ್ದ ಎಂಜಿನ್ನಿಗೆ ಗ್ಯಾಸಿನಲ್ಲಿ 0.8ರಿಂದ 0.9 ಸಾಕು, ಅಂದರೆ ಒಂದೆರಡು ದಶಾಂಶ ಮಿಲಿಮೀಟರ್ ಕಡಿತ. ಹೀಟ್ ರೇಂಜಿನಲ್ಲಿ ಒಂದು ಮೆಟ್ಟಿಲು ಕೋಲ್ಡ್ ಆದ ಪ್ಲಗ್ಗನ್ನು ಆರಿಸುವುದು ರೂಢಿ. ಏಪ್ರಿಲ್-ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಈ ರೂಢಿಗೆ ಅರ್ಥವಿದೆ. ಆದರೆ ಒಂದೇ ಮೆಟ್ಟಿಲು. ಗ್ಯಾಸ್ ಬಂಕು ದೂರವಿದ್ದಾಗ ಇದೇ ಕಾರು ಪೆಟ್ರೋಲಿನ ಮೇಲೂ ಓಡಬೇಕು, ಬೆಳಿಗ್ಗೆ ಸ್ಟಾರ್ಟ್ ಆಗುವುದೂ ಸಾಮಾನ್ಯವಾಗಿ ಪೆಟ್ರೋಲಿನಲ್ಲೇ. ಅತಿಯಾಗಿ ಕೋಲ್ಡ್ ಆದ ಪ್ಲಗ್ಗು ಆಗ ಮಸಿ ಹಿಡಿದು ಕೂರುತ್ತದೆ.

ಕೌಂಟರಿನಲ್ಲಿ ತಪ್ಪು ನುಸುಳುವುದು ಇಲ್ಲಿಯೇ. ಎನ್‌ಜಿಕೆ ಮತ್ತು ಡೆನ್ಸೋ ಕಂಪನಿಗಳ ಪ್ಲಗ್ಗಿನಲ್ಲಿ ಅಂಕಿ ಏರಿದಷ್ಟೂ ಪ್ಲಗ್ಗು ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಅಂಕಿ ಇಳಿದಷ್ಟೂ ಕೋಲ್ಡ್. ಒಂದು ಕಂಪನಿಯ ಮಾಲು ಮುಗಿದಿದೆಯೆಂದು ಅಂದಾಜಿನಿಂದ ಇನ್ನೊಂದರದು ಕೊಟ್ಟರೆ ತಂಪಿನ ಕಡೆ ಹೋಗಬೇಕಾದ ಗಿರಾಕಿ ಬಿಸಿಯ ಕಡೆ ಹೋಗಿರುತ್ತಾನೆ. ಎನ್‌ಜಿಕೆಯ ಬಿಪಿಆರ್6ಇಎಸ್ ಎಂಬುದಕ್ಕೂ ಬಿಪಿಆರ್6ಇಎಸ್-11 ಎಂಬುದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಕೊನೆಯ ಎರಡು ಅಂಕಿಗಳಷ್ಟೇ. ಆದರೆ ಆ 11 ಎಂದರೆ ಗ್ಯಾಪ್ 1.1 ಮಿಲಿಮೀಟರ್ ಎಂದು ಅರ್ಥ. ಗ್ಯಾಸ್ ಗಾಡಿಯವನು ಅದನ್ನು ಕೊಂಡು ಹಾಗೆಯೇ ಕೂರಿಸಿದರೆ ತೊಂದರೆಯನ್ನೇ ಬಿಲ್ಲು ಮಾಡಿಸಿಕೊಂಡಂತೆ.

ಗ್ಯಾರೇಜುಗಳ ವಿಷಯವೂ ಇದೆ. ಹೊಸ ಪ್ಲಗ್ಗಾದರೂ ಫೀಲರ್ ಗೇಜಿನಿಂದ ಅಳೆದೇ ಹಾಕಬೇಕು. ಬಗ್ಗಿಸಬೇಕಾದದ್ದು ಹೊರಗಿನ ಕೊಕ್ಕೆಯನ್ನು ಮಾತ್ರ. ಮಧ್ಯದ ತುದಿಗೆ ಆನಿಸಿ ಮೀಟಿದರೆ ಪಿಂಗಾಣಿ ಸೀಳುತ್ತದೆ. ಇರಿಡಿಯಂ ಪ್ಲಗ್ಗಿನ ತುದಿ ಅರ್ಧ ಮಿಲಿಮೀಟರ್ ಆಸುಪಾಸಿನ ಸೂಜಿಯಂಥದು, ಅದರ ಮೇಲೆ ಗೇಜನ್ನು ಒತ್ತುವುದು ಅವಿವೇಕ. ಬಣ್ಣ ನೋಡಿ ತೀರ್ಪು ಕೊಡುವ ಹಳೆಯ ಪದ್ಧತಿಯನ್ನೂ ಇಲ್ಲಿ ಎಚ್ಚರದಿಂದ ಬಳಸಬೇಕು. ಪೆಟ್ರೋಲಿನಲ್ಲಿ ಕಾಫಿಪುಡಿಯ ಬಣ್ಣ ಆರೋಗ್ಯದ ಗುರುತು. ಗ್ಯಾಸಿನಲ್ಲಿ ಪ್ಲಗ್ಗು ಸಹಜವಾಗಿಯೇ ಬಿಳಿಚಿಕೊಂಡಿರುತ್ತದೆ. ಬಿಳುಪನ್ನು ಕಂಡೊಡನೆ ಗ್ಯಾಸ್ ಹೆಚ್ಚು ಬಿಡುವ ಮೆಕ್ಯಾನಿಕ್ಕನು ಮಾಲೀಕನ ಜೇಬಿಗೆ ಕತ್ತರಿ ಹಾಕಿದಂತಾಗುತ್ತದೆ. ಪಿಂಗಾಣಿಯಲ್ಲಿ ಗುಳ್ಳೆ, ಕರಗಿದ ತುದಿ ಕಂಡರೆ ಮಾತ್ರ ಚಿಂತೆಗೆ ಕಾರಣವಿದೆ. ಪ್ಲಗ್ಗು ಸರಿಯಿದ್ದೂ ಮಿಸ್ಸಿಂಗ್ ನಿಲ್ಲದಿದ್ದರೆ ಪ್ಲಗ್ ವೈರು, ಕಾಯಿಲುಗಳ ಕಡೆ ನೋಡಬೇಕು.

ಇದರ ಲೆಕ್ಕವೂ ಸರಳ. ಬಾಡಿಗೆ ಕಾರೊಂದು ತಿಂಗಳಿಗೆ 2,000 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 12 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಸುಮಾರು 167 ಲೀಟರ್ ಗ್ಯಾಸ್ ಬೇಕಾಯಿತು. ಮಿಸ್ಸಿಂಗಿನಿಂದ ಶೇಕಡಾ 5ರಷ್ಟು ಪೋಲಾದರೂ 8 ಲೀಟರ್. ಲೀಟರಿಗೆ 60 ರೂಪಾಯಿಯಂತೆ ಹಿಡಿದರೆ ತಿಂಗಳಿಗೆ ಸರಿಸುಮಾರು 500 ರೂಪಾಯಿ. ಸಾಮಾನ್ಯ ನಿಕಲ್ ಪ್ಲಗ್ಗಿನ ನಾಲ್ಕರ ಸೆಟ್ಟಿನ ಬೆಲೆಗೆ ಇದು ಹತ್ತಿರ ಹತ್ತಿರವೇ. ಅವಧಿ ಮೀರಿದ ಪ್ಲಗ್ಗಿನಲ್ಲೇ ಆರು ತಿಂಗಳು ಓಡಿಸುವವನು ಉಳಿಸಿದ್ದಕ್ಕಿಂತ ಕಳೆದದ್ದು ಹಲವು ಪಟ್ಟು. ಬಾಡಿಗೆಯಿಂದಲೇ ಮನೆ ನಡೆಸುವ ಚಾಲಕನಿಗೆ ಇದು ಸಣ್ಣ ಮೊತ್ತವಲ್ಲ. ಗ್ಯಾಸಿನಲ್ಲಿ ಗ್ಯಾಪ್ ಬೇಗ ಹಿಗ್ಗುವುದರಿಂದ 10,000 ಕಿಲೋಮೀಟರಿಗೊಮ್ಮೆ ಅಳೆದು ನೋಡುವುದು ಕ್ಷೇಮ.

ಇನ್ನು ಬಿಲ್ಲಿಲ್ಲದ ನಕಲಿ ಪ್ಲಗ್ಗಿನ ಮಾತು. ತೆರಿಗೆಯ ಭಾರವೇ ಕಾರಣವೆಂಬ ಸಮಜಾಯಿಷಿಗೆ ಈಗ ಆಧಾರ ತೆಳುವಾಗಿದೆ. ವಾಹನ ಬಿಡಿಭಾಗಗಳ ಮೇಲೆ ಶೇಕಡಾ 28 ಇದ್ದ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ. ನೋಂದಾಯಿತ ವರ್ತಕನಿಗೆ ಬಿಲ್ಲಿನ ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆಯೂ ಲಭ್ಯ. ಖೋಟಾ ಗುರುತಿನ ಮಾಲನ್ನು ಮಾರುವವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡದ ಅವಕಾಶವಿದೆ. ನಕಲಿ ಪ್ಲಗ್ಗಿನ ಹೀಟ್ ರೇಂಜನ್ನು ಡಬ್ಬಿಯ ಮೇಲಿನ ಅಂಕಿಯಿಂದ ನಂಬುವಂತಿಲ್ಲ. ಪೆಟ್ರೋಲಿನಲ್ಲಿ ಹೇಗೋ ಸಾಗುವ ಅಂಥ ಮಾಲು ಗ್ಯಾಸಿನ ಶಾಖದಲ್ಲಿ ಬಣ್ಣ ಕಳಚುತ್ತದೆ.

ಆದ್ದರಿಂದ ಮೂರೂ ಪಟ್ಟಣಗಳ ಬಿಡಿಭಾಗ ವರ್ತಕರು ಗ್ಯಾಸ್ ಗಾಡಿಗೆ ಪ್ಲಗ್ಗು ಕೊಡುವಾಗ ಬಿಲ್ಲಿನಲ್ಲಿ ಪ್ಲಗ್ಗಿನ ಪೂರ್ಣ ಸಂಖ್ಯೆ, ಇಡಬೇಕಾದ ಗ್ಯಾಪ್ ಹಾಗೂ ಗಾಡಿಯ ಮೀಟರಿನ ಓಟವನ್ನು ಬರೆಯುವ ಪದ್ಧತಿ ಹಾಕಿಕೊಳ್ಳುವುದು ಯುಕ್ತ. ನೋಂದಣಿಯಿಲ್ಲದ ಗಿರಾಕಿಗೆ 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ, ಆತ ಕೇಳದಿದ್ದಲ್ಲಿ, ಪ್ರತ್ಯೇಕ ಬಿಲ್ಲು ಬೇಕಿಲ್ಲವೆಂಬ ವಿನಾಯಿತಿ ಜಿಎಸ್‌ಟಿ ಕಾಯ್ದೆಯ 31ನೇ ಕಲಮಿನಲ್ಲಿದೆ. ಒಂದೊಂದೇ ಪ್ಲಗ್ಗು ಈ ಮಿತಿಯೊಳಗೆ ಬರಬಹುದು. ಆದರೆ ಕೊಡಬೇಡಿರೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಬೇಸಿಗೆಯ ದಾಸ್ತಾನಿಗೆ ಆರ್ಡರ್ ಬರೆಯುವಾಗ ಕಂಪನಿಗಳ ಸರಿಸಮ ಸಂಖ್ಯೆಗಳ ಪಟ್ಟಿಯನ್ನು ವಿತರಕರಿಂದ ತರಿಸಿ ಕೌಂಟರಿನ ಹಿಂದೆ ಅಂಟಿಸುವುದು, ಹತ್ತಾರು ಫೀಲರ್ ಗೇಜುಗಳನ್ನು ಮಾರಾಟಕ್ಕೆ ಇಡುವುದು, ಈ ತಿಂಗಳೇ ಆಗಬಹುದಾದ ಕೆಲಸಗಳು.